ಹಿಂಗಾರಿನ ಹೂದೋಟ: ಎರವಲು ಪಟ್ಟಿಗಳ ವಿಮರ್ಶೆ

ಮುಂಗಾರು ಮುಗಿಯುತ್ತ ಬಂದಂತೆ ಪತ್ರಿಕೆಗಳ ಪುರವಣಿಗಳಲ್ಲಿ ಒಂದು ಬಗೆಯ ಲೇಖನ ತಪ್ಪದೆ ಕಾಣಿಸಿಕೊಳ್ಳುತ್ತದೆ. ವರ್ಷದ ಕೊನೆಯಲ್ಲೂ ತೋಟದಲ್ಲಿ ಬಣ್ಣ ಉಳಿಯಬೇಕಾದರೆ ಇಂತಿಂಥ ಬಹುವಾರ್ಷಿಕ ಗಿಡಗಳನ್ನು ನೆಡಿ ಎಂಬುದು ಅದರ ಸಾರ. ಕೆಳಗೊಂದು ಪಟ್ಟಿ: ರಡ್‌ಬೆಕಿಯ, ಮೈಕೆಲ್‌ಮಸ್ ಆಸ್ಟರ್, ಕ್ರೈಸಾಂತಿಮಮ್, ಹೀಗೆ. ನೀವು ಅದನ್ನು ನಂಬಿ ಗಿಡ ಕೊಳ್ಳುತ್ತೀರಿ, ನೀರೆರೆಯುತ್ತೀರಿ, ಕಾಯುತ್ತೀರಿ. ಡಿಸೆಂಬರ್ ಬರುತ್ತದೆ, ಹೂ ಬರುವುದಿಲ್ಲ. ತಪ್ಪು ನಿಮ್ಮ ಕೈಗುಣದ್ದೇ ಅಥವಾ ಪಟ್ಟಿಯದೇ?

ಪುಸ್ತಕವನ್ನು ವಿಮರ್ಶಿಸುವಂತೆ ಇಂಥ ಸಲಹೆಗಳನ್ನೂ ವಿಮರ್ಶಿಸಬೇಕು. ಸಲಹೆ ವೈಜ್ಞಾನಿಕವೆಂದು ಹೇಳಿಕೊಂಡ ಮೇಲೆ ಅದು ಪರೀಕ್ಷೆಗೂ ಒಳಗಾಗಬೇಕು. ಪರೀಕ್ಷೆಯ ನೆಲವಾಗಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯವನ್ನು ತೆಗೆದುಕೊಳ್ಳೋಣ. ಅದಕ್ಕೆ ಎರಡು ಕಾರಣಗಳಿವೆ. ಈ ಸೀಮೆಯಲ್ಲಿ ಸೇವಂತಿಗೆ ಬರಿಯ ಅಲಂಕಾರವಲ್ಲ, ರೈತರ ಬೆಳೆ. ಜೊತೆಗೆ, ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವದಿಂದಾಗಿ ಇಲ್ಲಿ ವರ್ಷದ ಕೊನೆಯ ಹೂವಿಗೆ ಒಂದು ನಿಶ್ಚಿತ ದಿನವಿದೆ. ಹೂ ಆ ದಿನಕ್ಕೆ ಮುಂಚೆಯೇ ಅರಳಿ ಬಾಡಿದರೂ ನಷ್ಟ, ಆಮೇಲೆ ಅರಳಿದರೂ ನಷ್ಟ.

ಪಟ್ಟಿಯ ತವರು

ಮೊದಲು ಈ ಬರಹಗಳ ಗುಣವನ್ನು ಒಪ್ಪಿಕೊಳ್ಳೋಣ. ಒಂದು ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಗಿಡಗಳನ್ನು ಆಯಬೇಕೆಂಬ ವಿಚಾರ ಒಳ್ಳೆಯದು. ಇದರ ಹಿಂದೆ ದೊಡ್ಡ ಪರಂಪರೆಯಿದೆ. ಇಂಗ್ಲೆಂಡಿನ ಗರ್ಟ್ರೂಡ್ ಜೀಕಿಲ್ 1908ರಲ್ಲಿ ಪ್ರಕಟಿಸಿದ ‘ಕಲರ್ ಇನ್ ದ ಫ್ಲವರ್ ಗಾರ್ಡನ್’ ಪುಸ್ತಕ ಈ ಬಗೆಯ ಬರಹಕ್ಕೆ ಮಾದರಿ. ಸರ್ರೆ ಪ್ರಾಂತದ ಮನ್‌ಸ್ಟೆಡ್ ವುಡ್ ಎಂಬ ತನ್ನ ತೋಟದಲ್ಲಿ ಆಕೆ ಆಸ್ಟರ್‌ಗಳಿಗೆಂದೇ ಪ್ರತ್ಯೇಕ ಭಾಗವನ್ನು ಮೀಸಲಿಟ್ಟಿದ್ದಳು. ಆಕೆ ಬರೆದದ್ದು ತಾನು ವರ್ಷಗಟ್ಟಲೆ ಕಣ್ಣಾರೆ ಕಂಡು ತಿದ್ದಿದ ಒಂದು ತೋಟದ ಬಗ್ಗೆ.

ನಮ್ಮ ಲೇಖನಗಳು ಆ ಪರಂಪರೆಯಿಂದ ಎತ್ತಿಕೊಂಡದ್ದು ಗಿಡಗಳ ಹೆಸರನ್ನು. ನೋಡುವ ಕ್ರಮವನ್ನು ಅಲ್ಲಿಯೇ ಬಿಟ್ಟುಬಂದವು. ಅವುಗಳ ಮೂಲದೋಷ ಇದೇ.

ಲಂಡನ್ನಿನ ಆಸುಪಾಸಿನಲ್ಲಿ ಋತುವಿನ ಕೊನೆ ಎಂದರೆ ಹಿಮ ಬೀಳುವ ಮುನ್ನಿನ ಕಾಲ. ಚಳಿಗೆ ಗಿಡದ ಮೇಲ್ಭಾಗ ಸಾಯುತ್ತದೆ, ಬೇರು ಉಳಿದು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಅಲ್ಲಿನ ತೋಟಗಾರರು ಬಹುವಾರ್ಷಿಕ ಎನ್ನುವುದು ಮುಖ್ಯವಾಗಿ ಇಂಥ ಗಿಡಗಳನ್ನು. ಘಾಟಿಯಲ್ಲಿ ಹಾಗಲ್ಲ. ಡಿಸೆಂಬರಿನ ರಾತ್ರಿಯೂ ನೀರು ಹೆಪ್ಪುಗಟ್ಟುವ ಚಳಿಯಿಂದ ಬಹುದೂರ. ಮಳೆ ಸೆಪ್ಟೆಂಬರ್–ಅಕ್ಟೋಬರ್‌ಗಳಲ್ಲಿ ಜೋರಾಗಿದ್ದು ನವೆಂಬರಿನಲ್ಲಿ ಹಿಂದೆ ಸರಿಯುತ್ತದೆ. ಗಿಡಗಳನ್ನು ನಿದ್ದೆಗೆ ನೂಕುವುದು ಮಾರ್ಚ್–ಏಪ್ರಿಲ್‌ನ ಒಣ ಬಿಸಿಲು. ಗೌರಿ ಹೂವಿನ ಗೆಡ್ಡೆ ಬೇಸಿಗೆಯಲ್ಲಿ ಮಲಗಿ ಮಳೆಗೆ ಏಳುವುದನ್ನು ನೀವು ಕಂಡಿರಬಹುದು. ಅಂದರೆ ನಮ್ಮ ಗಿಡಗಳ ವರ್ಷ ಶುರುವಾಗುವುದು ಜೂನ್‌ನಲ್ಲಿ, ಮುಗಿಯುವುದು ಜನವರಿಯ ಹೊತ್ತಿಗೆ. ಇದಕ್ಕೆ ‘ಹಿಂಗಾರು’ ಎಂಬ ಸರಿಯಾದ ಪದವೇ ಇರುವಾಗ ‘ಶರತ್ಕಾಲದ ಹೂಗಳು’ ಎಂಬ ಅನುವಾದ ದಾರಿ ತಪ್ಪಿಸುತ್ತದೆ.

ಹಗಲಿನ ಲೆಕ್ಕ

ಪಟ್ಟಿ ಸೋಲುವುದಕ್ಕೆ ಇನ್ನೂ ಆಳದ ಕಾರಣ ಖಗೋಳದಲ್ಲಿದೆ. ಲಂಡನ್ನಿನಲ್ಲಿ ಅತಿ ದೀರ್ಘ ಹಗಲು ಸುಮಾರು 16 ಗಂಟೆ 40 ನಿಮಿಷ, ಅತಿ ಗಿಡ್ಡ ಹಗಲು ಎಂಟು ಗಂಟೆಗೂ ಕಡಿಮೆ. ಸುಮಾರು 13.4 ಡಿಗ್ರಿ ಉತ್ತರ ಅಕ್ಷಾಂಶದ ಘಾಟಿಯಲ್ಲಿ ಇವು ಕ್ರಮವಾಗಿ ಸುಮಾರು 12 ಗಂಟೆ 55 ನಿಮಿಷ ಮತ್ತು 11 ಗಂಟೆ 20 ನಿಮಿಷ. ಇಡೀ ವರ್ಷದ ಏರಿಳಿತ ಒಂದೂವರೆ ಗಂಟೆಗೆ ತುಸು ಹೆಚ್ಚು, ಅಷ್ಟೆ. ಸೆಪ್ಟೆಂಬರ್ 23ರ ಸುಮಾರಿಗೆ ಲಂಡನ್ನಿನ ಹಗಲು ದಿನಕ್ಕೆ ನಾಲ್ಕು ನಿಮಿಷದಂತೆ ಕುಗ್ಗಿದರೆ ಘಾಟಿಯ ಹಗಲು ಕುಗ್ಗುವುದು ಮುಕ್ಕಾಲು ನಿಮಿಷದಂತೆ.

ಹಗಲಿನ ಉದ್ದಕ್ಕೂ ಹೂವಿಗೂ ಇರುವ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಕೆಲವು ಸಸ್ಯಗಳಿಗೆ ಹೂ ಬಿಡಲು ಗಿಡ್ಡ ಹಗಲು ಬೇಕು, ಇನ್ನು ಕೆಲವಕ್ಕೆ ದೀರ್ಘ ಹಗಲು ಬೇಕು, ಮತ್ತೆ ಕೆಲವಕ್ಕೆ ಇದರ ಗೊಡವೆಯಿಲ್ಲ. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ತೋರಿಸಿದಂತೆ, ಗಿಡ್ಡ ಹಗಲಿನ ಸಸ್ಯ ನಿಜವಾಗಿ ಅಳೆಯುವುದು ರಾತ್ರಿಯನ್ನು. ಇರುಳಿನ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಅದರ ಎಣಿಕೆ ಕೆಡುತ್ತದೆ.

ಈಗ ಪಟ್ಟಿಯ ಮೂರು ಗಿಡಗಳನ್ನು ಒಂದೊಂದಾಗಿ ನೋಡಿ.

ರಡ್‌ಬೆಕಿಯ ದೀರ್ಘ ಹಗಲನ್ನು ಬೇಡುವ ಸಸ್ಯ. ತೋಟಗಳಲ್ಲಿ ಬೆಳೆಸುವ ಅದರ ಬಹುವಾರ್ಷಿಕ ತಳಿಗಳಿಗೆ ಸಾಮಾನ್ಯವಾಗಿ ಹದಿಮೂರು–ಹದಿನಾಲ್ಕು ಗಂಟೆಗೂ ಮೀರಿದ ಹಗಲು ಬೇಕು. ಘಾಟಿಯಲ್ಲಿ ಅಂಥ ಹಗಲು ಹುಟ್ಟುವುದೇ ಇಲ್ಲ. ಗಿಡ ಸಾಯದಿದ್ದರೂ ನೆಲಕ್ಕಂಟಿದ ಎಲೆಗಳ ಗುಚ್ಛವಾಗಿಯೇ ಉಳಿಯುತ್ತದೆ.

ಮೈಕೆಲ್‌ಮಸ್ ಆಸ್ಟರ್‌ನ ಸ್ವಭಾವ ಇನ್ನೂ ಜಟಿಲ. ಕಾಂಡ ನೀಳವಾಗಲು ಮೊದಲು ದೀರ್ಘ ಹಗಲು, ಮೊಗ್ಗು ಮೂಡಲು ನಂತರ ಗಿಡ್ಡ ಹಗಲು ಬೇಕು. ಇಂಗ್ಲೆಂಡಿನ ಬೇಸಿಗೆ ಮತ್ತು ಶರತ್ಕಾಲ ಈ ಎರಡನ್ನೂ ಸರದಿಯಂತೆ ಕೊಡುತ್ತವೆ. ನಮ್ಮಲ್ಲಿ ಮೊದಲನೆಯದಕ್ಕೆ ಕೃತಕ ಬೆಳಕೇ ಬೇಕು.

ಕ್ರೈಸಾಂತಿಮಮ್, ಅಂದರೆ ಸೇವಂತಿಗೆಯದು ಇದಕ್ಕೆ ತಿರುಗುಮುರುಗಾದ ಕಥೆ. ಅದು ಗಿಡ್ಡ ಹಗಲಿನ ಸಸ್ಯ. ಶೀತದೇಶಗಳಲ್ಲಿ ರೂಪಿಸಿದ ಅನೇಕ ತಳಿಗಳು ಹಗಲು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಹೂವಿಗೆ ಹೊರಡುತ್ತವೆ. ಅಂಥ ತಳಿಗೆ ಘಾಟಿಯ ಜೂನ್ ಕೂಡ ಗಿಡ್ಡ ಹಗಲೇ! ಗೇಣುದ್ದ ಬೆಳೆಯುವ ಮೊದಲೇ ಮೊಗ್ಗಾಗಿ ಹೂವಿನ ಸಂಖ್ಯೆಯೂ ಗಾತ್ರವೂ ಕುಗ್ಗುತ್ತವೆ. ಒಂದೇ ಪಟ್ಟಿಯಲ್ಲಿ ಹೂ ಬಿಡದ ಗಿಡ, ಮೇಲೇಳದ ಗಿಡ, ಅವಸರದ ಗಿಡ ಮೂರೂ ಇವೆ. ಪಟ್ಟಿ ಬರೆದವರು ಅಕ್ಷಾಂಶವನ್ನು ಕೇಳಲೇ ಇಲ್ಲ.

ಒಂದೂವರೆ ಗಂಟೆಯ ಏರಿಳಿತವನ್ನು ಗಿಡಗಳು ಗುರುತಿಸಬಲ್ಲವೇ ಎಂಬ ಸಂದೇಹ ನಿಮಗೆ ಬರಬಹುದು. ಸಮಭಾಜಕದ ಸಮೀಪದ ಮಲಕ್ಕಾದಲ್ಲಿ ವರ್ಷದ ಏರಿಳಿತ ಸುಮಾರು 14 ನಿಮಿಷ ಮಾತ್ರ. ಅಲ್ಲಿ ಸಿಯಾಂ–29 ಎಂಬ ಭತ್ತದ ತಳಿ ಸೆಪ್ಟೆಂಬರಿನಲ್ಲಿ ಬಿತ್ತಿದಾಗ 161 ದಿನಗಳಲ್ಲೂ ಜನವರಿಯಲ್ಲಿ ಬಿತ್ತಿದಾಗ 329 ದಿನಗಳಲ್ಲೂ ಹೂ ಬಿಟ್ಟಿತ್ತು. ಉಷ್ಣವಲಯದ ಸಸ್ಯಗಳ ಗಡಿಯಾರ ಒರಟಲ್ಲ. ನಮ್ಮ ನಾಟಿ ಸೇವಂತಿಗೆಗಳು ತಮ್ಮ ಕಾಲಕ್ಕೆ ಅರಳುವುದೂ ಇದೇ ಸೂಕ್ಷ್ಮತೆಯಿಂದ, ಚಳಿ ತಾಗಿದ್ದರಿಂದಲ್ಲ.

ಹೊಲದಲ್ಲಿ ಬಲ್ಬು ಏಕೆ?

ದೊಡ್ಡಬಳ್ಳಾಪುರ–ಚಿಕ್ಕಬಳ್ಳಾಪುರ ಸೀಮೆಯಲ್ಲಿ ರಾತ್ರಿ ಪ್ರಯಾಣಿಸುವಾಗ ಹೂವಿನ ಹೊಲಗಳಲ್ಲಿ ಸಾಲು ಸಾಲು ಬಲ್ಬುಗಳು ಉರಿಯುವುದನ್ನು ನೀವು ನೋಡಿರಬಹುದು. ಗಿಡಗಳಿಗೆ ಬಿಸಿ ಕೊಡಲು, ಹುಳು ಓಡಿಸಲು ಎಂದೆಲ್ಲ ಹೇಳುವವರಿದ್ದಾರೆ. ನಿಜವಾದ ಉದ್ದೇಶ ರಾತ್ರಿಯನ್ನು ಎರಡಾಗಿ ತುಂಡರಿಸುವುದು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಸುಮಾರು 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಹೀರಿ ಒಂದು ರೂಪಕ್ಕೂ, 730 ನ್ಯಾನೋಮೀಟರ್‌ನ ದೂರಗೆಂಪನ್ನು ಹೀರಿ ಇನ್ನೊಂದು ರೂಪಕ್ಕೂ ಬದಲಾಗುತ್ತದೆ. ಕತ್ತಲೆ ದೀರ್ಘವಾದಷ್ಟೂ ಮೊದಲ ರೂಪ ಕರಗುತ್ತದೆ. ನಡುರಾತ್ರಿಯ ಬೆಳಕು ಅದನ್ನು ಮತ್ತೆ ತುಂಬುತ್ತದೆ, ಗಿಡ ಇನ್ನೂ ಬೇಸಿಗೆಯೆಂದೇ ತಿಳಿದು ಎಲೆ ಬೆಳೆಸುತ್ತದೆ. ಹೀಗೆ ಬೆಳಕು ಸಿಕ್ಕಾಗ ಹೂವನ್ನು ತಡೆಯುವ ಒಂದು ಪ್ರೋಟೀನು ಎಲೆಯಲ್ಲಿ ತಯಾರಾಗುತ್ತದೆಂದು ಜಪಾನಿನ ಸಂಶೋಧಕರು ಸೇವಂತಿಗೆಯ ಕಾಡುಬಂಧುವಿನಲ್ಲಿ 2013ರಲ್ಲಿ ತೋರಿಸಿದರು.

ಇದು ಆಹಾರ ತಯಾರಿಕೆಗೆ ಬೇಕಾದ ಬೆಳಕಲ್ಲ, ಬರಿಯ ಸಂಕೇತ. ಆದ್ದರಿಂದ ಮಂದ ಬೆಳಕು ಸಾಕು. ನಡುರಾತ್ರಿಯ ಆಸುಪಾಸಿನ ನಾಲ್ಕು ಗಂಟೆ ನೂರು ಬಲ್ಬುಗಳನ್ನು ಉರಿಸುತ್ತೀರೆಂದು ಇಟ್ಟುಕೊಳ್ಳಿ. 60 ವ್ಯಾಟಿನ ಹಳೆಯ ಬಲ್ಬಾದರೆ ರಾತ್ರಿಗೆ 24 ಯೂನಿಟ್, 9 ವ್ಯಾಟಿನ ಎಲ್ಇಡಿಯಾದರೆ 3.6 ಯೂನಿಟ್. ಸತತವಾಗಿ ಉರಿಸದೆ ಪ್ರತಿ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಉರಿಸುವ ಕ್ರಮವೂ ಫಲ ಕೊಡುತ್ತದೆ. ಆಗ ಖರ್ಚು ಮತ್ತೆ ಮೂರನೆಯ ಒಂದು ಭಾಗಕ್ಕಿಳಿಯುತ್ತದೆ.

ರಥೋತ್ಸವದ ಮಾತಿಗೆ ಬರೋಣ. ಸೇವಂತಿಗೆಯ ಗಡಿಯಾರ ಸೌರಮಾನದ್ದು, ಪುಷ್ಯ ಶುದ್ಧ ಷಷ್ಠಿ ಚಾಂದ್ರಮಾನದ್ದು. ಚಾಂದ್ರ ವರ್ಷ ಸುಮಾರು 11 ದಿನ ಗಿಡ್ಡ. ಹಾಗಾಗಿ ಈ ಷಷ್ಠಿ 2024ರಲ್ಲಿ ಜನವರಿ ಮಧ್ಯಕ್ಕೆ, 2025ರಲ್ಲಿ ಜನವರಿ ಮೊದಲ ವಾರಕ್ಕೆ, ಅದರ ಮುಂದಿನದು 2025ರ ಡಿಸೆಂಬರ್ ಕೊನೆಯ ವಾರಕ್ಕೇ ಬಂದಿತು. ಅಧಿಕಮಾಸ ಬಂದ ವರ್ಷ ಅದು ಮತ್ತೆ ಮುಂದಕ್ಕೆ ಜಿಗಿಯುತ್ತದೆ. ‘ಇಂಥ ತಿಂಗಳಲ್ಲಿ ನೆಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಲೇಖನ ಈ ರೈತನಿಗೆ ಮೂರು ವಾರಗಳಷ್ಟು ತಪ್ಪು ಹೇಳಬಲ್ಲದು. ದೀಪ ಆರಿಸಿದ ಮೇಲೆ ಅನೇಕ ತಳಿಗಳಿಗೆ ಎಂಟರಿಂದ ಹತ್ತು ವಾರ ಬೇಕು. ಉತ್ಸವದ ದಿನದಿಂದ ಹಿಂದಕ್ಕೆ ಎಣಿಸಿ ದೀಪ ಆರಿಸುವ ರೈತ ಪಂಚಾಂಗವನ್ನೂ ಭೌತವಿಜ್ಞಾನವನ್ನೂ ಒಟ್ಟಿಗೆ ಬಳಸುತ್ತಾನೆ. ಕೊಳವೆಬಾವಿಯ ನೀರನ್ನೇ ನೆಚ್ಚಿದ ಈ ಬರದ ಸೀಮೆಯಲ್ಲಿ ಮೂರು ವಾರದ ತಪ್ಪು ಸಣ್ಣದಲ್ಲ.

ಮನೆಯಂಗಳಕ್ಕೆ ಏನು?

ಮನೆಯ ತೋಟದವರು ಬಲ್ಬು ಕಟ್ಟಬೇಕಾಗಿಲ್ಲ, ಅನಗತ್ಯ ಬಲ್ಬನ್ನು ತಪ್ಪಿಸಿದರೆ ಸಾಕು. ಬೀದಿದೀಪ ರಾತ್ರಿಯಿಡೀ ಬೀಳುವ ಮೂಲೆಯಲ್ಲಿ ಸೇವಂತಿಗೆಯಾಗಲಿ ಪಾಯಿನ್ಸೆಟಿಯಾ ಆಗಲಿ ತಡವಾಗುತ್ತವೆ, ಕೆಲವೊಮ್ಮೆ ಬಣ್ಣವೇ ಬರುವುದಿಲ್ಲ. ಕುಂಡವನ್ನು ಗೋಡೆಯ ನೆರಳಿಗೆ ಸರಿಸಿ.

ಸೇವಂತಿಗೆಯ ಹೂ ಮುಗಿದ ಮೇಲೆ ಗಿಡವನ್ನು ನೆಲಮಟ್ಟಕ್ಕೆ ಕತ್ತರಿಸಿ, ಬುಡದ ಮರಿಗಳನ್ನು ಬೇಸಿಗೆಯಲ್ಲಿ ನೆರಳಲ್ಲಿ ಉಳಿಸಿಕೊಳ್ಳಿ. ಜೂನ್–ಜುಲೈನಲ್ಲಿ ನೀರು ಬಸಿಯುವ ಮಣ್ಣಿಗೆ ನೆಡಿ. ತಿಂಗಳಾದ ಮೇಲೆ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಆಗಸ್ಟ್ ಮುಗಿದ ಮೇಲೆ ಚಿವುಟಬೇಡಿ, ಮೊಗ್ಗಿನ ಕಾಲ ಹತ್ತಿರವಾಗಿರುತ್ತದೆ. ಅಕ್ಟೋಬರಿನ ಮಳೆಯಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಏರುಮಡಿಯೇ ಲೇಸು.

ಇದರ ಜೊತೆಗೆ ಎರವಲು ಪಟ್ಟಿಗಳಲ್ಲಿ ಕಾಣದ ಕೆಲವು ಗಿಡಗಳಿವೆ. ಸ್ಫಟಿಕದ ಗಿಡ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಿಳಿ, ನೇರಳೆ ಹೂಗಳಿಂದ ತುಂಬುತ್ತದೆ. ಕಡ್ಡಿ ನೆಟ್ಟರೆ ಬೇರೂರುತ್ತದೆ. ಬೆಟ್ಟದಾವರೆ ಬೆಳಿಗ್ಗೆ ಬಿಳಿಯಾಗಿ ಅರಳಿ ಸಂಜೆಗೆ ಗುಲಾಬಿಗೆ ತಿರುಗುತ್ತದೆ. ದಳಗಳಲ್ಲಿ ಆಂಥೋಸಯನಿನ್ ಕೂಡಿಕೊಳ್ಳುವುದೇ ಕಾರಣ. ಕನಕಾಂಬರ ಅರೆನೆರಳಿನಲ್ಲೂ ಹೂ ಕೊಡುತ್ತದೆ. ನೀರಿಲ್ಲದ ಬೇಲಿಯಂಚಿಗೆ ಹಳದಿಯ ಆವರಿಕೆ ಇದೆ. ಇವುಗಳಲ್ಲಿ ಒಂದನ್ನೂ ‘ವಿಶೇಷ’ವೆಂದು ಮಾರುವುದಿಲ್ಲ. ಪಟ್ಟಿಗಳಲ್ಲಿ ಅವು ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಎರವಲು ಎಂಬ ಮಾತ್ರಕ್ಕೆ ತಪ್ಪೇ?

ಹಾಗೆ ಹೇಳಿದರೆ ವಿಮರ್ಶೆ ಅತಿರೇಕವಾಗುತ್ತದೆ. ಸೇವಂತಿಗೆಯೇ ಚೀನಾದ ನಂಟು, ಪಾಯಿನ್ಸೆಟಿಯಾ ಮೆಕ್ಸಿಕೋದ್ದು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮೈಸೂರು ಸಂಸ್ಥಾನದ ತೋಟಗಳನ್ನು ನೋಡಿಕೊಂಡ ಜರ್ಮನಿಯ ಜಿ. ಎಚ್. ಕ್ರುಂಬಿಗೆಲ್ ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂ ಬಿಡುವ ಯೋಜನೆಗೆ ಹೆಸರಾದವರು. ಅಲ್ಲಿನ ಜಕರಾಂಡದಂಥ ಮರಗಳು ದಕ್ಷಿಣ ಅಮೆರಿಕದವು. ಅವರು ಪಡೆದದ್ದು ಪರದೇಶದ ಗಿಡವನ್ನು, ಕಟ್ಟಿದ್ದು ಬೆಂಗಳೂರಿನ ಕ್ಯಾಲೆಂಡರನ್ನು. ನಮ್ಮ ಲೇಖನಗಳು ಗಿಡದ ಜೊತೆಗೆ ಕ್ಯಾಲೆಂಡರನ್ನೂ ಆಮದು ಮಾಡಿಕೊಳ್ಳುತ್ತಿವೆ.

ಮುಂದಿನ ಬಾರಿ ಇಂಥ ಪಟ್ಟಿ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಈ ಗಿಡ ಯಾವ ಅಕ್ಷಾಂಶದಲ್ಲಿ ಹೂ ಬಿಟ್ಟದ್ದನ್ನು ಬರೆದವರು ಕಂಡಿದ್ದಾರೆ? ಇದಕ್ಕೆ ದೀರ್ಘ ಹಗಲು ಬೇಕೇ, ಗಿಡ್ಡ ಹಗಲು ಬೇಕೇ? ಹಿಮದ ಚಳಿ ಇದಕ್ಕೆ ಅಗತ್ಯವೇ? ನಮ್ಮ ಏಪ್ರಿಲ್ ಇದನ್ನು ಉಳಿಸುತ್ತದೆಯೇ? ಉತ್ತರವಿಲ್ಲದ ಪಟ್ಟಿಯನ್ನು ಬದಿಗಿಟ್ಟು ನಿಮ್ಮದೇ ಒಂದು ಪಟ್ಟಿ ಆರಂಭಿಸಿ. ನಿಮ್ಮೂರಿನ ಬೇಲಿ, ಹೊಲ, ಗುಡಿಯ ಅಂಗಳಗಳಲ್ಲಿ ಅಕ್ಟೋಬರಿನಿಂದ ಜನವರಿಯವರೆಗೆ ಯಾವುದು ಎಂದು ಅರಳಿತೆಂದು ದಿನಾಂಕ ಹಾಕಿ ಮೂರು ವರ್ಷ ಬರೆದಿಡಿ. ಆ ಪಟ್ಟಿ ನಿಮ್ಮೂರಿನ ಮಟ್ಟಿಗೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ನಂಬಲರ್ಹ.