ಹಗುರ ಹಲ್ಲು, ಬೆಣಚು ದೂಳು

ಹಿಂದಿನ ಚಕ್ರಕ್ಕೆ ಅಲ್ಯೂಮಿನಿಯಂ ಸ್ಪ್ರಾಕೆಟ್ ಹಾಕಿಸಿದರೆ ಬೈಕು ಚುರುಕಾಗುತ್ತದೆ ಎಂಬುದು ಸವಾರರಲ್ಲಿ ಬೇರೂರಿದ ನಂಬಿಕೆ. ರೇಸ್ ಟ್ರ್ಯಾಕಿನ ಮಟ್ಟಿಗೆ ಅದರಲ್ಲಿ ಹುರುಳುಂಟು. ಹೈದರಾಬಾದಿನಲ್ಲಿ ದಿನಾ ಓಡುವ ಬೈಕಿಗೆ ಮಾತ್ರ ಉಕ್ಕೇ ಸರಿ ಎಂಬುದು ನನ್ನ ವಾದ. ಅದಕ್ಕೆ ಮೊದಲ ಸಾಕ್ಷಿ ಇಲ್ಲಿನ ನೆಲ. ಈ ಊರು ಕೂತಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟಿನ ಮೇಲೆ. ಕೋಕಾಪೇಟ, ನರಸಿಂಗಿ ಕಡೆ ಬಂಡೆ ಸಿಡಿಸಿ ಕಟ್ಟಡ ಎಬ್ಬಿಸುವಲ್ಲಿ ರಸ್ತೆಗೆ ಬೀಳುವ ದೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಧಾರಾಳ. ಬೆಣಚಿನ ಗಡಸುತನ ಮೋಸ್ ಮಾನದಲ್ಲಿ 7. ಹದಗೊಳಿಸಿದ ಉಕ್ಕನ್ನೂ ಅದು ಗೀರಬಲ್ಲದು. ಚೈನಿಗೆ ಹಚ್ಚಿದ ಎಣ್ಣೆ ಈ ಕಣಗಳನ್ನು ಹಿಡಿದಿಟ್ಟುಕೊಂಡರೆ ತಿರುಗುವ ಪ್ರತಿ ಸುತ್ತೂ ಹಲ್ಲನ್ನು ತೇಯುತ್ತದೆ. ಒಳ್ಳೆಯ ಹಗುರ ಸ್ಪ್ರಾಕೆಟ್‌ಗೆ ಬಳಸುವ 7075-ಟಿ6 ಅಲ್ಯೂಮಿನಿಯಂ ಎಳೆತದ ಬಲದಲ್ಲಿ ಸಾಧಾರಣ ಉಕ್ಕಿಗೆ ಸೋಲುವುದಿಲ್ಲ, ಮಾರುವವರ ಅಷ್ಟು ಮಾತು ನಿಜ. ಆದರೆ ಸ್ಪ್ರಾಕೆಟ್ ಹಾಳಾಗುವುದು ಹಲ್ಲು ಮುರಿದಲ್ಲ, ಸವೆದು. ಈ ಮಿಶ್ರಲೋಹದ ಗಡಸುತನ ಬ್ರಿನೆಲ್ ಮಾನದಲ್ಲಿ 150ರ ಆಸುಪಾಸು. ಹಲ್ಲಿಗೆ ಇಂಡಕ್ಷನ್ ಹದ ಕೊಟ್ಟ ಮಧ್ಯಮ ಇಂಗಾಲದ ಉಕ್ಕು ಅದಕ್ಕಿಂತ ಎರಡೂವರೆ, ಮೂರು ಪಟ್ಟು ಗಡಸು.

ಹಾರ್ಡ್ ಅನೊಡೈಸಿಂಗ್ ಇದೆಯಲ್ಲ ಎನ್ನಬಹುದು. ಆ ಪದರ ಗಡಸೇ, ಆದರೆ ಅದರ ದಪ್ಪ ಸುಮಾರು 50 ಮೈಕ್ರಾನ್, ಒಂದು ಕೂದಲೆಳೆಯಷ್ಟು. ಅಡಿಯ ಲೋಹ ಮೆತ್ತಗಿರುವುದರಿಂದ ರೋಲರ್ ಒತ್ತುವ ಮುಖದಲ್ಲೇ ಅದು ಮೊದಲು ಕಿತ್ತುಹೋಗುತ್ತದೆ. ಬಾಳಾಪುರದ ಎಆರ್‌ಸಿಐ ಸಂಶೋಧನಾ ಕೇಂದ್ರ ಅಲ್ಯೂಮಿನಿಯಂ ಮೇಲೆ ಇನ್ನೂ ಗಡಸಾದ ಪದರ ಬೆಳೆಸುವ ಮೈಕ್ರೋ ಆರ್ಕ್ ವಿಧಾನದಲ್ಲಿ ಕೆಲಸ ಮಾಡಿದೆ. ಅಂಗಡಿಯ ಕೆಂಪು, ಚಿನ್ನದ ಬಣ್ಣಗಳಿಗೂ ಅದಕ್ಕೂ ನಂಟಿಲ್ಲ. ಟೈಟಾನಿಯಂ ವಿಷಯವೂ ಅಷ್ಟೇ. 1973ರಲ್ಲಿ ಸ್ಥಾಪನೆಯಾದ ಲೋಹ ಕಾರ್ಖಾನೆ ಮಿಧಾನಿ ಕಂಚನ್‌ಬಾಗಿನಲ್ಲಿ ಆ ಲೋಹವನ್ನು ಹದಗೊಳಿಸುತ್ತದೆ ನಿಜ, ಆದರೆ ಉಕ್ಕಿನ ಮೇಲೆ ಉಜ್ಜಿದರೆ ಅದು ಅಂಟಿಕೊಂಡು ಕಿತ್ತುಬರುತ್ತದೆ.

ಇನ್ನು ಚುರುಕಿನ ಲೆಕ್ಕ. 520 ಚೈನ್‌ನ 45 ಹಲ್ಲಿನ ಸ್ಪ್ರಾಕೆಟ್‌ನ ತ್ರಿಜ್ಯ ಸುಮಾರು 114 ಮಿ.ಮೀ. ಲೋಹ ಬದಲಿಸಿ ಅರ್ಧ ಕಿಲೋ ಉಳಿಸಿದಿರಿ ಎನ್ನಿ. ಆ ತೂಕ ಸರಾಸರಿ 90 ಮಿ.ಮೀ. ದೂರದಲ್ಲಿ ತಿರುಗುತ್ತಿತ್ತು, ಟೈರಿನ ಹೊರಮೈ ತಿರುಗುವುದು ಸುಮಾರು 300 ಮಿ.ಮೀ. ದೂರದಲ್ಲಿ. ತಿರುಗುವ ಜಡತ್ವ ದೂರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಉಳಿಸಿದ 500 ಗ್ರಾಂ ಟೈರಿನ ಹೊರಮೈಯಲ್ಲಿ 45 ಗ್ರಾಂ ಇಳಿಸಿದ್ದಕ್ಕೆ ಸಮ. ಸಸ್ಪೆನ್ಷನ್ ಕೆಳಗಿನ ಭಾರ ಅರ್ಧ ಕಿಲೋ ಇಳಿಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಔಟರ್ ರಿಂಗ್ ರೋಡಿನ ಮುಖ್ಯ ಪಥಕ್ಕೆ ದ್ವಿಚಕ್ರಗಳಿಗೆ ಪ್ರವೇಶವೇ ಇಲ್ಲದ ಊರಿನಲ್ಲಿ, ಸರ್ವಿಸ್ ರೋಡಿನ ಗುಂಡಿಗಳ ನಡುವೆ ಆ ವ್ಯತ್ಯಾಸ ಯಾರ ಅರಿವಿಗೆ ಬಂದೀತು? ಪಿಕಪ್ ಬೇಕಿದ್ದರೆ ಮುಂದಿನ ಸ್ಪ್ರಾಕೆಟ್ 15ರಿಂದ 14 ಹಲ್ಲಿಗೆ ಇಳಿಸಲಿ. ಅನುಪಾತ 3ರಿಂದ 3.21ಕ್ಕೆ ಏರುತ್ತದೆ, ಶೇ 7ರಷ್ಟು ಎಳೆತ ಹೆಚ್ಚುತ್ತದೆ. ಮೇಲಿನ ವೇಗ ತುಸು ಹೋಗುತ್ತದೆ, ಎಂಜಿನ್ ಹೆಚ್ಚು ಸುತ್ತುತ್ತದೆ.

ಮೆತ್ತನೆಯ ಸ್ಪ್ರಾಕೆಟ್ ತಾನು ಸವೆದು ಚೈನನ್ನು ಉಳಿಸುತ್ತದೆ ಎಂಬ ವಾದವೂ ಉಂಟು. ಚೈನ್ ಉದ್ದವಾಗುವುದು ಮುಖ್ಯವಾಗಿ ಅದರ ಪಿನ್ನು, ಬುಷ್‌ಗಳ ಒಳಸವೆತದಿಂದ. ಹಲ್ಲು ಮೆತ್ತಗಿದ್ದರೆ ಅದು ನಿಲ್ಲುವುದಿಲ್ಲ. ಬದಲಿಗೆ ಹಲ್ಲು ಕೊಕ್ಕೆಯಾಗಿ ಬಾಗಿದಾಗ ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು ಹೊಸ ಚೈನೂ ಬೇಗ ಕೆಡುತ್ತದೆ. ಮುಂದಿನ ಪುಟ್ಟ ಸ್ಪ್ರಾಕೆಟ್ ಹಿಂದಿನದು ಒಮ್ಮೆ ತಿರುಗುವಷ್ಟರಲ್ಲಿ ಮೂರು ಸಲ ತಿರುಗುತ್ತದೆ. ಹಗುರದ ಮೋಹವಿರುವವರೂ ಅಲ್ಲಿ ಉಕ್ಕನ್ನೇ ಇಡುವುದು ಅದಕ್ಕೇ. ತೂಕ ಇಳಿಸಲೇಬೇಕು ಎಂಬ ಹಟವಿದ್ದರೆ ಅಲ್ಯೂಮಿನಿಯಂ ನಡುಭಾಗಕ್ಕೆ ಉಕ್ಕಿನ ಹಲ್ಲುಬಳೆ ರಿವೆಟ್ ಮಾಡಿದವು ಸಿಗುತ್ತವೆ, ಬೆಲೆ ಜಾಸ್ತಿ. ಉಳಿದವರು ಪುತ್ಲಿಬೌಲಿಯಲ್ಲಿ ಚೈನ್ ಕಿಟ್ ಕೊಳ್ಳುವಾಗ ಬಣ್ಣ ಬಳಿಯದ ಸ್ಪ್ರಾಕೆಟ್ ಕೇಳಲಿ. ಹಲ್ಲುಗಳ ಬುಡದವರೆಗೆ ಕಪ್ಪು ನೀಲಿ ಪಟ್ಟಿ ಕಂಡರೆ ಅದು ಇಂಡಕ್ಷನ್ ಹದದ ಗುರುತು. ಅಂಗಡಿಯವರು ಒಪ್ಪಿದರೆ ಸಣ್ಣ ಅರದಿಂದ ಬೋಲ್ಟಿನ ತೂತಿನ ಬಳಿ ಒಮ್ಮೆ, ಹಲ್ಲಿನ ತುದಿಯಲ್ಲಿ ಒಮ್ಮೆ ಉಜ್ಜಿ ನೋಡಲಿ. ಎರಡೂ ಕಡೆ ಅರ ಒಂದೇ ರೀತಿ ಕಚ್ಚಿದರೆ ಆ ಸ್ಪ್ರಾಕೆಟ್ ಅಲ್ಲೇ ಬಿಟ್ಟು ಬರಲಿ.