ಮುಂದಿನ ಕೋಚ್ ಯಾರು? ದೋಹಾದಲ್ಲಿ ಕೂತು ಅಳೆಯುವವರಿಗೆ

ಫುಟ್‌ಬಾಲ್‌ನಲ್ಲಿ ಪಂದ್ಯದಷ್ಟೇ ರುಚಿಯಾದ ಇನ್ನೊಂದು ಸಂಗತಿಯಿದೆ: ದೊಡ್ಡ ಕ್ಲಬ್‌ನ ಕೋಚ್ ಕುರ್ಚಿ ಖಾಲಿಯಾದಾಗ ಹುಟ್ಟುವ ಚರ್ಚೆ. ಹೊಸಬರು ಕಪ್ ಎಣಿಸಲು ಕೂರುತ್ತಾರೆ. ಕಪ್ ಯಾರು ಬೇಕಾದರೂ ಎಣಿಸಬಹುದು. ಅಭ್ಯರ್ಥಿಯ ಕೈಗೆ ಎಂಥ ತಂಡ ಸಿಕ್ಕಿತ್ತು, ಅದನ್ನು ಅವರು ಏನು ಮಾಡಿದರು ಅನ್ನುವುದನ್ನು ನೋಡಿ. ಇದನ್ನು ಕಲಿಯಲು ಕತಾರ್ ಒಳ್ಳೆಯ ಜಾಗ.

ಶಾವಿ ಹೆರ್ನಾಂಡೆಸ್ 2019ರಲ್ಲಿ ಆಟ ನಿಲ್ಲಿಸಿ, ತಾವು ಆಡುತ್ತಿದ್ದ ದೋಹಾದ ಅಲ್ ಸದ್ ಕ್ಲಬ್‌ಗೇ ಕೋಚ್ ಆದರು. ಮೊದಲ ಋತುವಿನ ಲೀಗ್‌ನಲ್ಲಿ ಮೂರನೇ ಸ್ಥಾನ. 2020ರ ಜನವರಿಯಲ್ಲಿ ಬಾರ್ಸಿಲೋನಾದವರು ದೋಹಾಕ್ಕೇ ಬಂದು ಕರೆದರು; ಶಾವಿ ಒಲ್ಲೆನೆಂದರು. (ಕರೆದ ಕೂಡಲೇ ಗಂಟುಮೂಟೆ ಕಟ್ಟದವರನ್ನು ಕಂಡರೆ ನನಗೆ ಗೌರವ ಜಾಸ್ತಿ.) 2020-21ರಲ್ಲಿ ಒಂದೂ ಸೋಲಿಲ್ಲದೆ ಲೀಗ್ ಗೆದ್ದರು.

ಅಕ್ರಂ ಅಫೀಫ್, ಬಗ್ದಾದ್ ಬುನೆಜಾ ಇದ್ದ ತಂಡ, ಯಾರಿದ್ದರೂ ಗೆಲ್ಲುತ್ತಿತ್ತು ಎನ್ನುವವರಿದ್ದಾರೆ. ಅರ್ಧ ನಿಜ. ಉಳಿದರ್ಧ ಸಿಗಬೇಕಾದರೆ ಚೆಂಡಿನ ಮೇಲಿನ ಕಣ್ಣು ತೆಗೆಯಬೇಕು. ಚೆಂಡು ಕೈತಪ್ಪಿದ ಮರುಗಳಿಗೆ ಆಟಗಾರರು ಹಿಂದಕ್ಕೆ ಓಡುತ್ತಾರೋ, ಅಲ್ಲೇ ಮೂವರು ಸೇರಿ ಮುತ್ತಿಗೆ ಹಾಕುತ್ತಾರೋ? ಗೋಲ್‌ಕೀಪರ್ ಚೆಂಡನ್ನು ಹತ್ತಿರದವನಿಗೆ ಕೊಡುತ್ತಾನೋ, ಗಾಳಿಗೆ ತೂರುತ್ತಾನೋ? ಇವೆಲ್ಲ ಅಭ್ಯಾಸದಲ್ಲಿ ತಿದ್ದಿ ತೀಡಿ ಬಂದದ್ದು. ಅಫೀಫ್‌ನ ಕಾಲಿನ ಚಮತ್ಕಾರವನ್ನು ಮಾತ್ರ ಕೋಚ್ ಲೆಕ್ಕಕ್ಕೆ ಬರೆಯಬೇಡಿ.

2021ರ ನವೆಂಬರ್‌ನಲ್ಲಿ ಬಾರ್ಸಿಲೋನಾದವರು ಮತ್ತೆ ಬಂದರು. ಅವರು ಕೂತು ನೋಡಿದ ಪಂದ್ಯ, ಅಲ್ ದುಹೈಲ್ ವಿರುದ್ಧದ್ದು, 3-3 ಡ್ರಾ ಆಯಿತು. ಅಭ್ಯರ್ಥಿಯ ತಂಡ ಕಣ್ಣೆದುರೇ ಮೂರು ಗೋಲು ಬಿಟ್ಟುಕೊಟ್ಟಿತು! ಆದರೂ ಕರೆದೊಯ್ದರು. 2022-23ರಲ್ಲಿ ಶಾವಿಯ ಬಾರ್ಸಿಲೋನಾ ಲಾ ಲಿಗಾ ಗೆದ್ದಾಗ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 20 ಗೋಲು. ಒಂದು ಸಂಜೆಯ ಸ್ಕೋರ್ ನೋಡಿ ತೀರ್ಪು ಕೊಡಬಾರದು ಅನ್ನಲು ಇಷ್ಟು ಸಾಕು.

ಕುರ್ಚಿಗೆ ಈಗ ಯಾವ ಕೆಲಸ ಬೇಕಾಗಿದೆ ಎಂಬುದೂ ಮುಖ್ಯ. ಫೆಲಿಕ್ಸ್ ಸಾಂಚೆಸ್ 2006ರಲ್ಲೇ ದೋಹಾದ ಆಸ್ಪೈರ್ ಅಕಾಡೆಮಿಗೆ ಬಂದು, ಹುಡುಗರನ್ನು ಬೆಳೆಸಿ, ಅವರನ್ನೇ ಕಟ್ಟಿಕೊಂಡು ಕತಾರ್ ರಾಷ್ಟ್ರೀಯ ತಂಡಕ್ಕೆ 2019ರ ಏಷ್ಯನ್ ಕಪ್ ಗೆದ್ದುಕೊಟ್ಟರು. ಟಿಂಟಿನ್ ಮಾರ್ಕೆಸ್‌ಗೆ ಅಂಥ ಸಮಯವೇ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ, ಮುಂದಿನ ಏಷ್ಯನ್ ಕಪ್ ಎದುರಿಗಿದ್ದಾಗ, ಅದೇ ತಂಡದಲ್ಲಿ ಹೆಸರುವಾಸಿ ಕಾರ್ಲೋಸ್ ಕೈರೋಸ್ ಜಾಗಕ್ಕೆ ಬಂದರು. ಅಲ್ ವಕ್ರಾ ಕ್ಲಬ್‌ನಲ್ಲಿ ವರ್ಷಗಟ್ಟಲೆ ಇದ್ದವರು, ಇಲ್ಲಿನ ಆಟಗಾರರ ನಾಡಿ ಗೊತ್ತಿತ್ತು. 2024ರ ಫೆಬ್ರವರಿಯಲ್ಲಿ ಲುಸೈಲ್‌ನಲ್ಲಿ ಜೋರ್ಡಾನ್ ವಿರುದ್ಧ 3-1ರಿಂದ ಕಪ್ ಕತಾರ್‌ನಲ್ಲೇ ಉಳಿಯಿತು. ಆ ಹೊತ್ತಿಗೆ ಬೇಕಿದ್ದದ್ದು ದೊಡ್ಡ ಹೆಸರಲ್ಲ, ಪರಿಚಯ.

ಕನ್ನಡಿಗರಿಗೂ ದೋಹಾದಲ್ಲಿ ಒಂದು ಪಾಠವಿದೆ. 2016ರ ನವೆಂಬರ್ 5ರಂದು ಬೆಂಗಳೂರು ಎಫ್‌ಸಿ ಇಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ, ಇರಾಕ್‌ನ ಅಲ್ ಕುವಾ ಅಲ್ ಜವಿಯಾಗೆ 0-1ರಿಂದ ಸೋತಿತು. ಎರಡು ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ ಜಾಗಕ್ಕೆ ಆ ವರ್ಷವೇ ಆಲ್ಬರ್ಟ್ ರೋಕಾ ಬಂದಿದ್ದರು. ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್. ರೋಕಾ ಹೋದ ಮೇಲೆ, 2018ರಲ್ಲಿ, ಕ್ಲಬ್ ಹೊರಗೆ ಹುಡುಕದೆ ಈ ಸಹಾಯಕರನ್ನೇ ಕೋಚ್ ಮಾಡಿತು. 2019ರ ಮಾರ್ಚ್‌ನಲ್ಲಿ ಐಎಸ್‌ಎಲ್ ಕಪ್ ಬಂತು. ಆದ್ದರಿಂದ ಇನ್ನೊಮ್ಮೆ ಎಲ್ಲಾದರೂ ಕುರ್ಚಿ ಖಾಲಿಯಾದಾಗ, ಪತ್ರಿಕೆಗಳು ಮುಂದಿಡುವ ಹೆಸರುಗಳನ್ನು ಓದಿ ಮುಗಿಸಿ, ಹಳೇ ಕೋಚ್ ಪಕ್ಕ ಬೆಂಚಿನಲ್ಲಿ ಯಾರು ಕೂರುತ್ತಿದ್ದರು ಅನ್ನುವುದನ್ನೂ ಒಮ್ಮೆ ವಿಚಾರಿಸಿ.