ಉತ್ತಂಗಿ ಚನ್ನಪ್ಪನವರ ವಚನಾಧ್ಯಯನ ಮತ್ತು ಧರ್ಮಸ್ವಾತಂತ್ರ್ಯ

ಅನ್ಯಮತೀಯರೊಬ್ಬರು ಶರಣರ ವಚನಗಳನ್ನು ಓದಲು ಕುಳಿತಾಗ ಭಕ್ತರ ಮನದಲ್ಲಿ ಶಂಕೆಯೊಂದು ಮೂಡುವುದು ಸಹಜ. ಇವರು ತಿಳಿಯಲು ಬಂದವರೋ, ಸೆಳೆಯಲು ಬಂದವರೋ? ಓದುವವರು ಸುವಾರ್ತೆಯನ್ನು ಸಾರುವ ಪಾದ್ರಿಗಳೇ ಆಗಿದ್ದರೆ ಶಂಕೆ ಇಮ್ಮಡಿಸುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರ (1881–1962) ವಿದ್ವತ್ ಜೀವನವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮಿಶನರಿಗಳ ಕನ್ನಡ ಸೇವೆ ಹೊಸ ಸಂಗತಿಯಲ್ಲ. ಬಾಸೆಲ್ ಮಿಶನ್ನಿನ ಮೋಗ್ಲಿಂಗರು 19ನೆಯ ಶತಮಾನದ ಮಧ್ಯದಲ್ಲಿಯೇ ಬಸವಪುರಾಣವನ್ನು ಅಚ್ಚುಮಾಡಿಸಿದರು; 1894ರಲ್ಲಿ ಕಿಟ್ಟೆಲ್ಲರ ನಿಘಂಟು ಹೊರಬಂದಿತು. ಅವರ ಶ್ರಮ ಸ್ತುತ್ಯವೇ ಆದರೂ, ಕೇಳುವವರ ಮತವನ್ನರಿಯದೆ ಬೋಧೆ ಸಾಗದೆಂಬ ಪ್ರಯೋಜನದೃಷ್ಟಿಯೂ ಅದರಲ್ಲಿ ಬೆರೆತಿತ್ತು. ಉತ್ತಂಗಿಯವರಾದರೋ ಧಾರವಾಡದಲ್ಲಿ ಜನಿಸಿದ ಕನ್ನಡಿಗರು; ಅದೇ ಮಿಶನ್ನಿನ ಪಾದ್ರಿಗಳು. ತಮ್ಮ ಕ್ರಿಸ್ತನಿಷ್ಠೆಯನ್ನು ಅವರೆಂದೂ ಮರೆಮಾಚಲಿಲ್ಲ. ಅವರ ಗ್ರಂಥವೊಂದರ ಹೆಸರೇ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ.’ ಅದು ವಿನಂತಿ, ಆಜ್ಞೆಯಲ್ಲ. ಒಲ್ಲೆನೆನ್ನುವ ಅಧಿಕಾರ ಕೇಳುವವನಲ್ಲಿಯೇ ಉಳಿದಿದೆ. ಧರ್ಮಸ್ವಾತಂತ್ರ್ಯದ ತಿರುಳು ಇದೇ.

1924ರಲ್ಲಿ ಪ್ರಕಟವಾದ ಅವರ ‘ಸರ್ವಜ್ಞನ ವಚನಗಳು’ ಸುಮಾರು 2,000 ತ್ರಿಪದಿಗಳ ಸಂಗ್ರಹ. ಮತಪ್ರಚಾರಕ್ಕೆ ಒದಗುವಂಥವನ್ನಷ್ಟೇ ಆಯ್ದಿದ್ದರೆ ತಡೆಯುವವರು ಯಾರಿದ್ದರು? ಗುರುಲಿಂಗಗಳ ಮಹಿಮೆಯನ್ನು ಸಾರುವ ಪದ್ಯಗಳನ್ನೂ ಅವರು ಅದೇ ಗೌರವದಿಂದ ಉಳಿಸಿಕೊಂಡರು. ಮುಂದೆ ಅನುಭವ ಮಂಟಪವು ಬರಿಯ ಕಲ್ಪನೆಯೆಂಬ ಆಕ್ಷೇಪ ಎದ್ದಾಗ ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದು ಉತ್ತರ ಕೊಟ್ಟವರೂ ಈ ಪಾದ್ರಿಗಳೇ. ಆ ವಾದವೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲ. ಶರಣರ ಕಾಲಕ್ಕೆ ಸುಮಾರು ಮೂರು ಶತಮಾನ ಈಚಿನದಾದ ಶೂನ್ಯಸಂಪಾದನೆಯ ಸಂವಾದಗಳನ್ನು ಚರಿತ್ರೆಯ ಸಾಕ್ಷ್ಯವೆಂದು ಎಷ್ಟರಮಟ್ಟಿಗೆ ಗಣಿಸಬಹುದೆಂಬ ಪ್ರಶ್ನೆ ಇಂದಿಗೂ ಉಳಿದಿದೆ. ಪ್ರೀತಿಯು ಪ್ರಮಾಣದ ಸ್ಥಾನದಲ್ಲಿ ನಿಲ್ಲಲಾರದು. ಆದರೆ ಅವರನ್ನು ಹೀಗೆ ವಿಮರ್ಶಿಸುವಾಗ ನಾವು ಕೇಳುವುದು ಆಧಾರವನ್ನೇ ಹೊರತು ಅವರ ಮತವನ್ನಲ್ಲ. ಇದೇ ಅವರಿಗೆ ಸಲ್ಲುವ ನಿಜವಾದ ಗೌರವ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆಯಿಂದ ಬಿಡುಗಡೆಹೊಂದಿದ ಕಲಬುರ್ಗಿಯಲ್ಲಿ ಮರುವರ್ಷವೇ ಸಾಹಿತ್ಯ ಸಮ್ಮೇಳನ ನೆರೆಯಿತು; ಉತ್ತಂಗಿಯವರೇ ಅಧ್ಯಕ್ಷರು. ಮತದ ಹೆಸರಿನಲ್ಲಿ ನೊಂದಿದ್ದ ನಾಡು ಪಾದ್ರಿಯೊಬ್ಬರನ್ನು ಹಿರಿಯ ಪೀಠದಲ್ಲಿ ಕುಳ್ಳಿರಿಸಿದ್ದು ಸಣ್ಣ ಮಾತಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮಪ್ರಸಾರದ ಹಕ್ಕನ್ನೂ ಮನ್ನಿಸಿತು. ಪ್ರಸಾರದ ಹಕ್ಕೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಯಪಡಿಸುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ತೀರ್ಪಿತ್ತಿತು. ಕಾನೂನು ಎಲ್ಲೆಯನ್ನು ಗುರುತಿಸಬಲ್ಲುದು. ಎಲ್ಲೆಯಾಚೆಯವರ ಗ್ರಂಥವನ್ನು ಪ್ರಾಮಾಣಿಕವಾಗಿ ಓದುವ ಮನಸ್ಸನ್ನು ಅದು ಕೊಡಲಾರದು.

ಆದಿತ್ಯನಗರದ ನೆರೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಪರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತೆಂಬ ಭಾವವನ್ನು ಆ ಆಸ್ಥಾನದ ಕವಿರಾಜಮಾರ್ಗ 9ನೆಯ ಶತಮಾನದಲ್ಲಿಯೇ ನುಡಿಯಿತು. ಉತ್ತಂಗಿಯವರು ಸೈರಣೆಯಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪರಧರ್ಮದ ಸಾಹಿತ್ಯಕ್ಕಾಗಿ ದುಡಿದರು. ಅವರು ನಮ್ಮ ವಚನಗಳನ್ನು ಓದಿದಷ್ಟು ಶ್ರದ್ಧೆಯಿಂದ ನಮ್ಮಲ್ಲಿ ಎಷ್ಟು ಮಂದಿ ಅವರ ಬೈಬಲ್ಲನ್ನು ಓದಿದ್ದೇವೆ? ಅವರ ಮೇಲಿನ ಶಂಕೆಯಿಂದ ಹೊರಟ ಪ್ರಶ್ನೆ ಹೀಗೆ ನಮ್ಮತ್ತಲೇ ತಿರುಗುತ್ತದೆ. ಅನುಭವ ಮಂಟಪದ ವಾರಸುದಾರರೆನ್ನಿಸಿಕೊಳ್ಳುವ ನಾವು ಅದಕ್ಕೆ ಉತ್ತರಿಸಲೇಬೇಕು.